ಇಪ್ಪತ್ತಾರು ಮಿಲಿಮೀಟರಿನ ಆಸೆ

ಬಿಡದಿಯ ಕಾರ್ಖಾನೆಯಲ್ಲಿ ತಯಾರಾಗುವ ಟೊಯೊಟಾ ಫಾರ್ಚುನರ್‌ಗೆ ಕಂಪನಿಯೇ ಕೊಡುವ ಟೈರ್ ಅಳತೆಗಳು ಎರಡು. ಒಂದು 265/65 ಆರ್17, ಇನ್ನೊಂದು 265/60 ಆರ್18. ಶೋರೂಮಿನಲ್ಲಿ ನಿಂತಾಗ ಎರಡೂ ಬೇಕಾದಷ್ಟು ದೊಡ್ಡವಾಗಿಯೇ ಕಾಣುತ್ತವೆ. ಗಾಡಿ ಮನೆಗೆ ಬಂದು ಎರಡು ಮಳೆಗಾಲ ಕಳೆದು, ಸಕಲೇಶಪುರದ ಕಡೆಯ ಯಾವುದೋ ಎಸ್ಟೇಟ್ ದಾರಿಯಲ್ಲಿ ಒಮ್ಮೆ ಕೆಸರಿನಲ್ಲಿ ಹೂತುಕೊಂಡ ಮೇಲೆ ಮಾಲೀಕರ ಕಣ್ಣು ಬದಲಾಗುತ್ತದೆ. ಅಷ್ಟು ದೊಡ್ಡ ಮೈ, ಅಷ್ಟು ಅಗಲದ ಮಡ್‌ಗಾರ್ಡ್ ಕಮಾನು, ಅದರೊಳಗೆ ಇಷ್ಟೇ ಟೈರಾ ಎಂಬ ಅನುಮಾನ ಹುಟ್ಟುತ್ತದೆ. ಗುಂಡಿ ಸವೆದು ಟೈರ್ ಬದಲಿಸುವ ಹೊತ್ತಿಗೆ ಅನುಮಾನ ಆಸೆಯಾಗಿರುತ್ತದೆ.

ಟೈರ್ ಅಂಗಡಿಯಲ್ಲಿ ಕೇಳುವ ಪ್ರಶ್ನೆ ಎಲ್ಲರದೂ ಒಂದೇ: ಏನನ್ನೂ ಕತ್ತರಿಸದೆ, ಸಸ್ಪೆನ್ಷನ್ ಮುಟ್ಟದೆ, ಎಷ್ಟು ದೊಡ್ಡದು ಹಾಕಿಸಬಹುದು? "ಕೂತ್ಕೊಳ್ಳುತ್ತೆ ಬಿಡಿ ಸಾರ್" ಎಂಬ ಉತ್ತರವೂ ಹೆಚ್ಚು ಕಡಿಮೆ ಎಲ್ಲ ಕಡೆ ಒಂದೇ. ಉತ್ತರ ಸುಳ್ಳಲ್ಲ. ಹದಿನೇಳು ಇಂಚಿನ ರಿಮ್ಮಿನ ಮೇಲೆ ಹದಿನೇಳು ಇಂಚಿನ ಟೈರ್ ಕೂತೇ ಕೂರುತ್ತದೆ. ಅದು ಕೂತ ಮೇಲೆ ಸ್ಟಿಯರಿಂಗ್ ಪೂರ್ತಿ ಕಟ್ ಮಾಡಿದಾಗ, ಏಳು ಜನ ಹತ್ತಿದಾಗ, ಹಂಪ್ ಹಾರಿದಾಗ ಎಲ್ಲಿ ತಾಗುತ್ತದೆ, ಮೀಟರಿಗೆ ಯಾವ ಸುಳ್ಳು ಹೇಳುತ್ತದೆ, ಬ್ರೇಕಿನಿಂದ ಎಷ್ಟು ಕಸಿದುಕೊಳ್ಳುತ್ತದೆ ಎಂಬುದು ಬೇರೆಯೇ ಲೆಕ್ಕ. ಆ ಲೆಕ್ಕ ಹಾಕಲು ಇಂಜಿನಿಯರ್ ಆಗಬೇಕಿಲ್ಲ. ಫೋನಿನ ಕ್ಯಾಲ್ಕ್ಯುಲೇಟರ್ ಸಾಕು.

ಟೈರಿನ ಪಕ್ಕದಲ್ಲಿ ಅಚ್ಚಾಗಿರುವ 265 ಅಗಲ, ಮಿಲಿಮೀಟರಿನಲ್ಲಿ. ಓರೆಗೀಟಿನ ನಂತರದ 65 ಮಿಲಿಮೀಟರ್ ಅಲ್ಲ, ಶೇಕಡಾವಾರು: ಪಕ್ಕದ ಗೋಡೆಯ ಎತ್ತರ ಅಗಲದ ಶೇ 65ರಷ್ಟು, ಅಂದರೆ 172 ಮಿ.ಮೀ. ಚಿಲ್ಲರೆ. ಕೊನೆಯ 17 ರಿಮ್ಮಿನ ವ್ಯಾಸ, ಅದು ಮಾತ್ರ ಇಂಚಿನಲ್ಲಿ. ಒಂದೇ ಸಾಲಿನಲ್ಲಿ ಮೂರು ಬಗೆಯ ಅಳತೆ ಕಲಸಿಟ್ಟವರು ಯಾರೋ, ಗಿರಾಕಿಯ ಮೇಲೆ ಅವರಿಗೆ ಅಷ್ಟೇನೂ ಕರುಣೆ ಇದ್ದಂತಿಲ್ಲ. ಇರಲಿ. ರಿಮ್ಮಿನ 431.8 ಮಿ.ಮೀ.ಗೆ ಮೇಲೊಂದು ಕೆಳಗೊಂದು ಗೋಡೆ ಕೂಡಿಸಿದರೆ ಒಟ್ಟು ವ್ಯಾಸ 776 ಮಿ.ಮೀ. ಬರುತ್ತದೆ. ಹದಿನೆಂಟು ಇಂಚಿನ ಟೈರಿಗೂ ಇದೇ ಲೆಕ್ಕ ಹಾಕಿದರೆ 775. ರಿಮ್ ಒಂದು ಇಂಚು ದೊಡ್ಡದಾದರೂ ಟೈರಿನ ಒಟ್ಟು ವ್ಯಾಸದಲ್ಲಿ ವ್ಯತ್ಯಾಸ ಬರೀ ಒಂದು ಮಿಲಿಮೀಟರ್.

ಇದು ಕಾಕತಾಳೀಯವಲ್ಲ. ಗೇರ್‌ಬಾಕ್ಸ್, ಸ್ಪೀಡೋಮೀಟರ್, ಎಬಿಎಸ್, ಜಾರುವಾಗ ಗಾಡಿಯನ್ನು ಹಿಡಿದು ನಿಲ್ಲಿಸುವ ಎಲೆಕ್ಟ್ರಾನಿಕ್ ವ್ಯವಸ್ಥೆ, ಎಲ್ಲವೂ ಚಕ್ರ ಒಂದು ಸುತ್ತು ತಿರುಗಿದರೆ ಇಷ್ಟು ದೂರ ಸಾಗಿತು ಎಂಬ ಒಂದೇ ನಂಬಿಕೆಯ ಮೇಲೆ ಕೆಲಸ ಮಾಡುತ್ತವೆ. ಅಂದಕ್ಕಾಗಿ ರಿಮ್ ದೊಡ್ಡದು ಮಾಡಿದಾಗ ಕಂಪನಿ ಗೋಡೆಯನ್ನು ಗಿಡ್ಡ ಮಾಡಿ ವ್ಯಾಸವನ್ನು ಅಲ್ಲೇ ಉಳಿಸಿಕೊಂಡಿತು. ಆದ್ದರಿಂದ ದೊಡ್ಡ ರಿಮ್ ಹಾಕಿಸಿದ್ದೇನೆ ಎಂದು ಹೇಳಿಕೊಳ್ಳುವವರ ಟೈರ್ ಎಷ್ಟೋ ಸಲ ದೊಡ್ಡದಾಗಿರುವುದೇ ಇಲ್ಲ. ಕಲ್ಲು ಗುಂಡಿಗಳ ಏಟನ್ನು ನುಂಗಬೇಕಾದ ರಬ್ಬರಿನ ಗೋಡೆ ಮಾತ್ರ ಕಡಿಮೆಯಾಗಿರುತ್ತದೆ.

ಹಾಗಾದರೆ ನಿಜಕ್ಕೂ ದೊಡ್ಡದು ಯಾವುದು? ಹದಿನೇಳರ ರಿಮ್ ಇಟ್ಟುಕೊಂಡೇ ಮೂರು ಅಳತೆಗಳ ಮಾತು ಹೆಚ್ಚು ಕೇಳಿಬರುತ್ತದೆ. 265/70 ಆರ್17ರ ವ್ಯಾಸ 803 ಮಿ.ಮೀ. 285/65 ಆರ್17ರದು 802. 285/70 ಆರ್17ರದು 831. ಇಂಚಿನ ಲೆಕ್ಕದಲ್ಲಿ ಹತ್ತಿರಹತ್ತಿರ ಮೂವತ್ತಮೂರು. ಅಮೆರಿಕದ ಆಫ್‌ರೋಡ್ ಚಿತ್ರಗಳನ್ನು ನೋಡಿ ಬಂದವರು ಕೇಳುವುದು ಸಾಮಾನ್ಯವಾಗಿ ಈ ಮೂರನೆಯದನ್ನೇ.

ಇವುಗಳಲ್ಲಿ ಮೊದಲನೆಯದು ಮೂಲ ಅಳತೆಗಿಂತ 26.5 ಮಿ.ಮೀ. ದೊಡ್ಡದು, ಶೇ 3.4. ಮೂರನೆಯದು 54.5 ಮಿ.ಮೀ. ದೊಡ್ಡದು, ಶೇ 7. ಗಾಡಿ ಎಷ್ಟು ಎತ್ತರವಾಗುತ್ತದೆ ಎಂದು ಕೇಳಿದರೆ ಇದರ ಅರ್ಧ, ಯಾಕೆಂದರೆ ಆಕ್ಸಲ್ ಇರುವುದು ಚಕ್ರದ ನಡುವೆ. ಅಂದರೆ 265/70 ಹಾಕಿದರೆ ಗ್ರೌಂಡ್ ಕ್ಲಿಯರೆನ್ಸ್ ಏರುವುದು ಹದಿಮೂರು ಮಿಲಿಮೀಟರ್, ಅರ್ಧ ಇಂಚು. ಇಷ್ಟಕ್ಕೇನಾ ಇಷ್ಟೆಲ್ಲ ಎಂದು ಮೂಗು ಮುರಿಯುವ ಮುನ್ನ ಒಂದು ಮಾತು: ಫಾರ್ಚುನರ್‌ನ ಹಿಂದಿನ ಆಕ್ಸಲ್ ಒಂದೇ ತುಂಡಿನ ಗಟ್ಟಿ ಆಕ್ಸಲ್. ಅದರ ನಡುವೆ ನೇತಾಡುವ ಡಿಫರೆನ್ಷಿಯಲ್ ಗುಂಡನ್ನು ನೆಲದಿಂದ ಮೇಲೆತ್ತುವ ದಾರಿ ಟೈರ್ ಒಂದೇ. ಎಷ್ಟೇ ಎತ್ತರದ ಸ್ಪ್ರಿಂಗ್ ಹಾಕಿಸಿದರೂ ಬಾಡಿ ಏರುತ್ತದೆಯೇ ಹೊರತು ಆ ಗುಂಡು ಇದ್ದಲ್ಲೇ ಇರುತ್ತದೆ. ಎಸ್ಟೇಟ್ ದಾರಿಯ ನಡುಗಲ್ಲಿಗೆ ತಾಗುವುದೂ ಅದೇ.

ಟೈರ್ ವ್ಯಾಪಾರದಲ್ಲಿ ಶೇ 3ರ ಒಳಗಿರಬೇಕು ಎಂಬ ಕೈಲೆಕ್ಕ ಬಹಳ ಹಳೆಯದು. ಅದು ಕಾನೂನಲ್ಲ, ಅನುಭವದಿಂದ ಬಂದದ್ದು. ಆಸ್ಟ್ರೇಲಿಯಾ ತನ್ನದೇ ಮಿತಿಯೊಂದನ್ನು ಬರೆದಿಟ್ಟಿದೆ. ವಾಹನ ಮಾರ್ಪಾಡಿನ ಕುರಿತ ಅಲ್ಲಿನ ರಾಷ್ಟ್ರೀಯ ಸಂಹಿತೆ, ಆಫ್‌ರೋಡ್ ವಾಹನಗಳಿಗೆ ಕಂಪನಿ ಸೂಚಿಸಿದ ಟೈರಿಗಿಂತ ವ್ಯಾಸದಲ್ಲಿ ಗರಿಷ್ಠ 50 ಮಿ.ಮೀ.ವರೆಗೆ ದೊಡ್ಡದಕ್ಕೆ ಅವಕಾಶ ಕೊಡುತ್ತದೆ. ಫಾರ್ಚುನರ್ ಮತ್ತು ಅದರ ಒಡಹುಟ್ಟಿದ ಹೈಲಕ್ಸ್ ಎರಡೂ ಅಲ್ಲಿ ಓಡುತ್ತವೆ. ಆ ಅಳತೆಗೋಲು ಇಲ್ಲಿಟ್ಟು ನೋಡಿದರೂ 265/70 ಆರಾಮವಾಗಿ ಒಳಗೆ ಬರುತ್ತದೆ, 285/70 ನಾಲ್ಕೂವರೆ ಮಿಲಿಮೀಟರಿನಿಂದ ಹೊರಗುಳಿಯುತ್ತದೆ.

ಈ ಲೆಕ್ಕದಲ್ಲಿ ಯಾರೂ ಗಮನಿಸದ ಒಂದು ಸಂಗತಿ ಇದೆ. ಹೊಸ ಟೈರಿನ ಗುಂಡಿ ಎಂಟು ಮಿ.ಮೀ. ಆಳವಿತ್ತು ಎಂದುಕೊಂಡರೆ, ಕಾನೂನು ಹೇಳುವ 1.6 ಮಿ.ಮೀ.ಗೆ ಸವೆಯುವ ಹೊತ್ತಿಗೆ ಅದರ ವ್ಯಾಸ ಹದಿಮೂರು ಮಿಲಿಮೀಟರಿನಷ್ಟು ಕುಗ್ಗಿರುತ್ತದೆ. 776ರ ಟೈರ್ 763 ಆಗಿರುತ್ತದೆ. ಅದನ್ನು ಬಿಚ್ಚಿ ಹೊಸ 265/70 ಹಾಕಿಸಿಕೊಂಡು ಅಂಗಡಿಯಿಂದ ಹೊರಬಂದವರಿಗೆ ಆಗುವ ವ್ಯತ್ಯಾಸ ಶೇ 3.4 ಅಲ್ಲ, ಶೇ 5ಕ್ಕೂ ಮೇಲೆ. ಗಾಡಿ ಎಳೆಯುವುದೇ ಇಲ್ಲ ಎಂಬ ಮೊದಲ ವಾರದ ದೂರಿನಲ್ಲಿ ಒಂದು ಪಾಲು ಇದರದೇ.

ಇನ್ನು ಮೀಟರ್. ಮೂಲ ಟೈರಿನಲ್ಲಿ ಸರಿಯಾಗಿ 100 ತೋರಿಸುತ್ತಿದ್ದ ಗಾಡಿ 265/70ರಲ್ಲಿ 100 ತೋರಿಸುವಾಗ ನಿಜವಾಗಿ ಓಡುತ್ತಿರುವುದು 103.4. 285/70ರಲ್ಲಾದರೆ 107. ಮೂಲದಲ್ಲಿ ಯಾವ ಗಾಡಿಯೂ ಅಷ್ಟು ಕರಾರುವಾಕ್ಕಾಗಿ ತೋರಿಸುವುದಿಲ್ಲ ಎಂಬುದೂ ನಿಜ. ಸ್ಪೀಡೋಮೀಟರ್ ಕುರಿತ ವಿಶ್ವಸಂಸ್ಥೆಯ 39ನೇ ನಿಯಮದ ಪ್ರಕಾರ ಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಲೇಬಾರದು. ಹೆಚ್ಚು ತೋರಿಸಿದರೆ ಒಂದು ಮಿತಿಯವರೆಗೆ ಪರವಾಗಿಲ್ಲ. ಹಾಗಾಗಿ ಕಂಪನಿಗಳು ಸ್ವಲ್ಪ ಹೆಚ್ಚಿಗೆ ತೋರಿಸುವಂತೆಯೇ ಮೀಟರ್ ಹೊಂದಿಸಿರುತ್ತವೆ. ಶೇ 3ರಷ್ಟು ದೊಡ್ಡ ಟೈರ್ ಹಾಕಿದರೆ ಆ ಹೆಚ್ಚುವರಿ ಕರಗಿ ಮೀಟರ್ ಸತ್ಯಕ್ಕೆ ಹತ್ತಿರ ಬರುತ್ತದೆ. ಶೇ 7 ಆದರೆ ಸತ್ಯವನ್ನು ದಾಟಿ ಆಚೆ ಹೋಗುತ್ತದೆ. ಗಂಟೆಗೆ 100 ಕಿ.ಮೀ. ಮಿತಿಯ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕ್ಯಾಮೆರಾಗಳು ನೋಡುವುದು ಡ್ಯಾಶ್‌ಬೋರ್ಡನ್ನಲ್ಲ. ದಂಡದ ಚೀಟಿ ಬಂದ ಮೇಲೆ ಟೈರ್ ಅಂಗಡಿಯವರನ್ನು ಬೈದು ಪ್ರಯೋಜನವಿಲ್ಲ. ಫೋನಿನ ಜಿಪಿಎಸ್ ವೇಗವನ್ನು ಮೀಟರಿನ ಪಕ್ಕ ಇಟ್ಟು ಒಮ್ಮೆ ಹೋಲಿಸಿ ನೋಡಿಕೊಂಡರೆ ಈ ತಲೆನೋವು ಅಲ್ಲಿಗೇ ಮುಗಿಯುತ್ತದೆ.

ಕಿಲೋಮೀಟರ್ ಲೆಕ್ಕವೂ ಹೀಗೆಯೇ ಜಾರುತ್ತದೆ. ಮೀಟರಿನಲ್ಲಿ ಹತ್ತು ಸಾವಿರ ಎಂದಿದ್ದರೆ ಗಾಡಿ ಓಡಿರುವುದು 10,340. ದೊಡ್ಡ ಟೈರ್ ಹಾಕಿಸಿದ ಮೇಲೆ ಮೈಲೇಜ್ ಬಿದ್ದುಹೋಯಿತು ಎಂಬುದು ಎಲ್ಲರ ದೂರು. ಬೀಳುವುದು ಹೌದು, ಆದರೆ ಕಂಡಷ್ಟು ಅಲ್ಲ. ಅರವತ್ತು ಲೀಟರಿನಲ್ಲಿ ಗಾಡಿ 600 ಕಿ.ಮೀ. ಓಡಿದ್ದರೂ ಮೀಟರ್ 580 ಎನ್ನುತ್ತದೆ. ಲೀಟರಿಗೆ ಹತ್ತು ಇದ್ದದ್ದು ಕಾಗದದ ಮೇಲೆ 9.7 ಆಗುತ್ತದೆ. ಟ್ಯಾಂಕ್ ತುಂಬಿಸಿ ಲೆಕ್ಕ ಹಾಕುವವರು ಮೀಟರಿನ ಅಂಕಿಯನ್ನು 1.034ರಿಂದ ಗುಣಿಸಿ ಆಮೇಲೆ ಬೇಸರಪಡುವುದು ಒಳ್ಳೆಯದು.

ನಿಜವಾದ ನಷ್ಟ ಇರುವುದು ತೂಕದಲ್ಲಿ. ಕಾರಿನ ದರ್ಜೆಯ ಟೈರಿಗೂ, ಅಳತೆಯ ಮುಂದೆ 'ಎಲ್‌ಟಿ' ಎಂದು ಬರೆದಿರುವ ಲೈಟ್ ಟ್ರಕ್ ದರ್ಜೆಯ ಟೈರಿಗೂ ನೋಟದಲ್ಲಿ ಅಷ್ಟು ವ್ಯತ್ಯಾಸ ತಿಳಿಯುವುದಿಲ್ಲ. ಕೈಯಲ್ಲಿ ಎತ್ತಿದರೆ ತಿಳಿಯುತ್ತದೆ. 285/70 ಆರ್17 ಅಳತೆಯ ದಪ್ಪ ಪದರದ ಎಲ್‌ಟಿ ಟೈರೊಂದು 25 ಕಿಲೋದ ಆಸುಪಾಸು ತೂಗುತ್ತದೆ. ಕಂಪನಿ ಕೊಟ್ಟ ರಸ್ತೆ ಟೈರಿಗಿಂತ ಚಕ್ರವೊಂದಕ್ಕೆ ಹಲವು ಕಿಲೋ ಹೆಚ್ಚು. ಅದು ಡಿಕ್ಕಿಯಲ್ಲಿಟ್ಟ ಅಕ್ಕಿ ಮೂಟೆಯ ಹಾಗೆ ಸುಮ್ಮನೆ ಕೂರುವ ತೂಕವಲ್ಲ. ಪ್ರತಿ ಸಲ ವೇಗ ಹೆಚ್ಚಿಸುವಾಗಲೂ ಅದನ್ನು ತಿರುಗಿಸಬೇಕು, ಪ್ರತಿ ಸಲ ನಿಲ್ಲಿಸುವಾಗಲೂ ಬ್ರೇಕ್ ಅದನ್ನು ಹಿಡಿಯಬೇಕು, ಪ್ರತಿ ಗುಂಡಿಗೂ ಶಾಕ್ ಅಬ್ಸಾರ್ಬರ್ ಅದನ್ನು ಸಂಭಾಳಿಸಬೇಕು. ಟೈರಿನ ವ್ಯಾಸ ಹೆಚ್ಚಿದಷ್ಟೂ ಬ್ರೇಕ್ ಡಿಸ್ಕಿನ ಹಿಡಿತ ನೆಲ ಮುಟ್ಟುವ ಹೊತ್ತಿಗೆ ಅಷ್ಟೇ ಶೇಕಡಾ ಕಡಿಮೆಯಾಗುತ್ತದೆ. 2.8 ಲೀಟರ್ ಡೀಸೆಲ್ ಆಟೋಮ್ಯಾಟಿಕ್‌ನಲ್ಲಿ 500 ನ್ಯೂಟನ್ ಮೀಟರ್ ಟಾರ್ಕ್ ಇರುವುದರಿಂದ ಶೇ 3.4ರ ಭಾರ ಗೊತ್ತಾಗದೆ ಹೋಗಬಹುದು. ಬ್ರೇಕಿಗೆ ಅಂಥ ಹೆಚ್ಚುವರಿ ಬಂಡವಾಳವೇನೂ ಇಲ್ಲ. ಚಾರ್ಮಾಡಿ ಘಾಟಿಯ ಇಳಿಜಾರಿನಲ್ಲಿ, ತುಂಬಿದ ಗಾಡಿಯಲ್ಲಿ, ಅದು ಗೊತ್ತಾಗುತ್ತದೆ.

ಎಲ್‌ಟಿ ಟೈರಿನಲ್ಲಿ ಇನ್ನೊಂದು ಮೋಸ ಹೋಗುವ ಜಾಗವಿದೆ. ಅಳತೆಯ ಪಕ್ಕದ 112, 116, 121 ಮುಂತಾದ ಅಂಕಿಗಳು ಹೊರುವ ಶಕ್ತಿಯ ಸೂಚಿ. 112 ಎಂದರೆ ಟೈರೊಂದಕ್ಕೆ 1,120 ಕಿಲೋ, 116 ಎಂದರೆ 1,250, 121 ಎಂದರೆ 1,450. ಅಂಕಿ ದೊಡ್ಡದಿದ್ದರೆ ಒಳ್ಳೆಯದೇ ಅಲ್ಲವೇ? ಆದರೆ ಎಲ್‌ಟಿ ಟೈರ್ ಆ 1,450 ಕಿಲೋ ಹೊರುವುದು 80 ಪಿಎಸ್‌ಐ ಗಾಳಿ ತುಂಬಿದಾಗ. ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಬರೆದಷ್ಟೇ ಗಾಳಿ ಹೊಡೆಸಿದರೆ ಅದು ಮೂಲ ಟೈರಿಗಿಂತ ಕಡಿಮೆ ಹೊರುತ್ತದೆ. ಹೆಚ್ಚು ಹೊಡೆಸಿದರೆ ಗಾಡಿ ಕಲ್ಲಿನ ಮೇಲೆ ಕೂತಂತೆ ಕುಲುಕುತ್ತದೆ. ಮನೆ, ಆಫೀಸು, ತಿಂಗಳಿಗೊಂದು ಮಲೆನಾಡು ಪ್ರವಾಸ ಎನ್ನುವವರಿಗೆ ಎಲ್‌ಟಿ ಬೇಕಾಗಿಲ್ಲ. ಅದೇ ಅಳತೆಯಲ್ಲಿ ಕಾರಿನ ದರ್ಜೆಯ ಆಲ್ ಟೆರೇನ್ ಟೈರ್‌ಗಳು ಸಿಗುತ್ತವೆ, ಹಗುರವಾಗಿಯೂ ಇರುತ್ತವೆ. ಸೂಚಿ ಮಾತ್ರ ಮೂಲ ಟೈರಿನದಕ್ಕಿಂತ ಕೆಳಗಿಳಿಯಬಾರದು, ಅಷ್ಟೇ.

ಈಗ ಚಕ್ರದ ಗೂಡಿನೊಳಗೆ ಇಣುಕೋಣ. ಹಿಂದಿನ ಚಕ್ರಕ್ಕೆ ಧಾರಾಳ ಜಾಗವಿದೆ, ಅದು ಸ್ಟಿಯರಿಂಗಿಗೆ ತಿರುಗುವುದೂ ಇಲ್ಲ. ಅದರ ಚಿಂತೆ ಬಿಡಬಹುದು. ತಕರಾರೆಲ್ಲ ಮುಂದಿನದರದು. ಸ್ಟಿಯರಿಂಗ್ ಪೂರ್ತಿ ತಿರುಗಿಸಿ, ಟಾರ್ಚ್ ಹಿಡಿದು, ಮುಂದಿನ ಚಕ್ರದ ಹಿಂಬದಿಗೆ ನೋಡಿದರೆ ಕಪ್ಪು ಪ್ಲಾಸ್ಟಿಕ್ಕಿನ ಒಳಪದರ ಕಾಣುತ್ತದೆ. ಅದರ ಹಿಂದೆ, ಕೆಳಭಾಗದಲ್ಲಿ, ಛಾಸಿಯಿಂದ ಹೊರಚಾಚಿದ ಒಂದು ಕಬ್ಬಿಣದ ಕಿವಿ ಇದೆ. ಗಾಡಿಯ ಬಾಡಿಯನ್ನು ಛಾಸಿಯ ಮೇಲೆ ಕೂರಿಸುವ ರಬ್ಬರ್ ಬುಷ್ ಇರುವ ಜಾಗ ಅದು, ಬಾಡಿ ಮೌಂಟ್. ದೊಡ್ಡ ಟೈರಿನ ಭುಜ ಮೊದಲು ಮಡ್‌ಫ್ಲಾಪಿಗೆ, ಆಮೇಲೆ ಪ್ಲಾಸ್ಟಿಕ್ಕಿಗೆ, ಕೊನೆಗೆ ಈ ಕಿವಿಗೆ ತಾಗುತ್ತದೆ. ಮಡ್‌ಫ್ಲಾಪಿಗೆ ಉಜ್ಜಿದರೆ ಸದ್ದು ಮಾತ್ರ. ಕಬ್ಬಿಣಕ್ಕೆ ಉಜ್ಜಿದರೆ ಟೈರಿನ ಭುಜದಲ್ಲಿ ಅರ್ಧಚಂದ್ರದ ಗಾಯ ಬೀಳುತ್ತದೆ. 265/70 ಸಾಮಾನ್ಯವಾಗಿ ಈ ಕಿವಿಯ ತನಕ ಹೋಗುವುದಿಲ್ಲ. 285/70 ಹಾಕಿಸಿದವರಲ್ಲಿ ಅನೇಕರು ಕೊನೆಗೆ ಈ ಕಿವಿಯ ಮೂಲೆಯನ್ನು ಕತ್ತರಿಸಿ ಮತ್ತೆ ವೆಲ್ಡ್ ಮಾಡಿಸುವ ಹಂತಕ್ಕೆ ಬರುತ್ತಾರೆ. ಏನನ್ನೂ ಕತ್ತರಿಸದೆ ಎನ್ನುವ ಮಾತಿಗೆ ಅದು ಒಗ್ಗುವುದಿಲ್ಲ.

ಲಿಫ್ಟ್ ಕಿಟ್ ಹಾಕಿಸಿದರೆ ಎಲ್ಲ ಸರಿಹೋಗುತ್ತದೆ ಎಂಬ ಮಾತು ಕೇಳಿಬರುತ್ತದೆ. ಲಿಫ್ಟ್ ಜಾಗ ಕೊಡುವುದು ಮೇಲ್ಗಡೆ. ಬಾಡಿ ಮೌಂಟ್ ಇರುವುದು ಹಿಂದೆ. ಸಮತಟ್ಟಾದ ಪಾರ್ಕಿಂಗಿನಲ್ಲಿ ಫುಲ್ ಕಟ್ ಮಾಡಿದಾಗಲೇ ತಾಗುವ ಟೈರ್, ಎರಡು ಇಂಚು ಲಿಫ್ಟ್ ಆದ ಮೇಲೂ ಹೆಚ್ಚು ಕಡಿಮೆ ಅಲ್ಲೇ ತಾಗುತ್ತದೆ. ಜೊತೆಗೆ ಮುಂದಿನ ಡ್ರೈವ್ ಶಾಫ್ಟಿನ ಕೋನ ಕಡಿದಾಗಿ ಅದರ ಜಾಯಿಂಟುಗಳಿಗೆ ಹೊಸ ಕಷ್ಟ ಶುರುವಾಗುತ್ತದೆ.

ಎತ್ತರದ ಮೋಹಕ್ಕಿಂತ ಅಗಲದ ಮೋಹ ಹೆಚ್ಚು ತೊಂದರೆ ಕೊಡುತ್ತದೆ. 285/65 ಮತ್ತು 265/70 ವ್ಯಾಸದಲ್ಲಿ ಒಂದೇ. ಮೊದಲನೆಯದು ಇಪ್ಪತ್ತು ಮಿ.ಮೀ. ಅಗಲ, ಅಂದರೆ ಹತ್ತು ಒಳಕ್ಕೆ, ಹತ್ತು ಹೊರಕ್ಕೆ. ಒಳಗಿನ ಹತ್ತು ಸಸ್ಪೆನ್ಷನ್ನಿನ ಮೇಲಿನ ಆರ್ಮ್ ಕಡೆಗೆ ಸರಿಯುತ್ತದೆ, ಹೊರಗಿನ ಹತ್ತು ಚಕ್ರ ತಿರುಗಿದಾಗ ಬಾಡಿ ಮೌಂಟ್ ಕಡೆಗೆ ಬೀಸುತ್ತದೆ. ಇದರ ಮೇಲೆ ಫ್ಯಾನ್ಸಿ ಅಲಾಯ್ ಬೇರೆ. ಫಾರ್ಚುನರ್‌ನ ಮೂಲ ರಿಮ್ ಏಳೂವರೆ ಇಂಚು ಅಗಲ, ಆರು ಬೋಲ್ಟು, 139.7 ಮಿ.ಮೀ. ವೃತ್ತ, ಆಫ್‌ಸೆಟ್ 30. ಆಫ್‌ಸೆಟ್ ಎಂಬುದು ರಿಮ್ಮಿನ ನಡುಗೆರೆಗೂ ಅದು ಹಬ್ಬಿಗೆ ಕೂರುವ ಮುಖಕ್ಕೂ ಇರುವ ಅಂತರ. ಆ ಅಂಕಿ 30ರಿಂದ 0ಗೆ ಇಳಿದರೆ ಚಕ್ರ ಮೂವತ್ತು ಮಿಲಿಮೀಟರ್ ಹೊರಗೆ ಬರುತ್ತದೆ. ನೋಡಲು ಗಾಡಿ ಎದೆಯುಬ್ಬಿಸಿ ನಿಂತಂತೆ ಕಾಣುತ್ತದೆ, ನಿಜ. ಆದರೆ ಚಕ್ರ ತಿರುಗುವಾಗ ಸುತ್ತುವ ಕಮಾನು ದೊಡ್ಡದಾಗಿ, ಮೂಲ ರಿಮ್ಮಿನಲ್ಲಿ ತಾಗದ ಟೈರೇ ಈಗ ತಾಗುತ್ತದೆ. ವೀಲ್ ಬೇರಿಂಗಿನ ಮೇಲಿನ ಸನ್ನೆಯ ಭಾರವೂ ಏರುತ್ತದೆ. ಏನೂ ಕತ್ತರಿಸದೆ ಮುಗಿಯಬೇಕು ಎನ್ನುವವರು ಮೂಲ ರಿಮ್ಮನ್ನೇ ಉಳಿಸಿಕೊಳ್ಳುವುದು ಅರ್ಧ ಗೆದ್ದಂತೆ. ಸ್ಪೇಸರ್ ಎಂಬ ಅಲ್ಯೂಮಿನಿಯಂ ಬಿಲ್ಲೆಯೂ ಇದೇ ಜಾತಿಯದು, ಬೇಡ.

ಒಂದೇ ಅಳತೆ ಎಂದು ಬರೆದಿದ್ದರೂ ಎರಡು ಬ್ರ್ಯಾಂಡಿನ ಟೈರ್ ಒಂದೇ ಗಾತ್ರ ಇರುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ರಸ್ತೆ ಟೈರಿನ ಭುಜ ದುಂಡಗಿರುತ್ತದೆ. ಆಲ್ ಟೆರೇನ್ ಟೈರಿನ ಭುಜಕ್ಕೆ ಚೌಕಾಕಾರದ ಗಟ್ಟಿ ಗುಬ್ಬಿಗಳಿರುತ್ತವೆ, ಕೆಲವದರಲ್ಲಿ ಅವು ಪಕ್ಕದ ಗೋಡೆಯ ಮೇಲೂ ಇಳಿದುಬಂದಿರುತ್ತವೆ. ತಾಗುವುದು ಆ ಮೂಲೆ. ಹಾಗಾಗಿ ಗೆಳೆಯನ ಗಾಡಿಯಲ್ಲಿ ತಾಗಲಿಲ್ಲ ಎಂಬ ಸಾಕ್ಷಿ ಅದೇ ಬ್ರ್ಯಾಂಡು, ಅದೇ ಮಾದರಿಯ ಟೈರಿಗೆ ಮಾತ್ರ ನಡೆಯುತ್ತದೆ.

ನಾಲ್ಕಕ್ಕೂ ದುಡ್ಡು ಕೊಡುವ ಮುಂಚೆ ಒಂದನ್ನು ಹಾಕಿ ತೋರಿಸಲು ಒಪ್ಪುವ ಅಂಗಡಿ ಸಿಕ್ಕರೆ ಅದು ಒಳ್ಳೆಯ ಅಂಗಡಿ. ಆ ಒಂದನ್ನು ಮುಂದಿನ ಎಡಕ್ಕೆ ಹಾಕಿಸಬೇಕು. ಟೈರಿನ ಎರಡೂ ಭುಜಗಳಿಗೆ ಸೀಮೆಸುಣ್ಣ ದಪ್ಪಗೆ ಬಳಿಯಬೇಕು. ಸ್ಟಿಯರಿಂಗ್ ಒಂದು ಕಡೆ ಪೂರ್ತಿ ತಿರುಗಿಸಿ ನಿಧಾನವಾಗಿ ಮುಂದೆ ಹೋಗಿ, ಹಾಗೇ ಹಿಂದೆ ಬರಬೇಕು. ಆಮೇಲೆ ಇನ್ನೊಂದು ಕಡೆ. ರಿವರ್ಸಿನಲ್ಲಿ ಬ್ರೇಕ್ ಒತ್ತಿದಾಗ ಚಕ್ರ ತುಸು ಮುಂದಕ್ಕೆ ಸರಿಯಲು ನೋಡುತ್ತದೆ, ಮುಂದೆ ಹೋಗುವಾಗ ತಾಗದ್ದು ಆಗ ತಾಗುವುದುಂಟು. ನಂತರ ಆ ಚಕ್ರವನ್ನು ಫುಟ್‌ಪಾತಿನ ಅಂಚಿಗೋ ಅಂಗಡಿಯ ರ‍್ಯಾಂಪಿಗೋ ಓರೆಯಾಗಿ ಹತ್ತಿಸಿ, ಸ್ಪ್ರಿಂಗ್ ಒತ್ತಿಕೊಂಡ ಸ್ಥಿತಿಯಲ್ಲಿ ಮತ್ತೆ ತಿರುಗಿಸಬೇಕು. ಇಳಿದು ಟಾರ್ಚ್ ಬಿಟ್ಟು ನೋಡಿದರೆ ಎಲ್ಲೆಲ್ಲಿ ಬಿಳಿ ಅಂಟಿದೆಯೋ ಅಲ್ಲೆಲ್ಲ ಟೈರ್ ಮುಟ್ಟಿದೆ. ಪ್ಲಾಸ್ಟಿಕ್ಕಿನ ಮೇಲೆ ಬಿಳಿ ಇದ್ದರೆ ಹೆದರಬೇಕಿಲ್ಲ. ಕಬ್ಬಿಣದ ಮೇಲೆ, ಬ್ರೇಕ್ ಪೈಪಿನ ಮೇಲೆ ಅಥವಾ ಸಸ್ಪೆನ್ಷನ್ ಆರ್ಮಿನ ಮೇಲೆ ಇದ್ದರೆ ಆ ಟೈರ್ ಬೇಡ.

ಪ್ಲಾಸ್ಟಿಕ್ಕಿಗೆ ತಾಗಿದರೆ ಮಾಡುವ ಕೆಲಸ ಸಣ್ಣದು. ಒಳಪದರದ ಕ್ಲಿಪ್ ಬಿಚ್ಚಿ, ಹೀಟ್ ಗನ್ನಿನಿಂದ ಮೆತ್ತಗೆ ಮಾಡಿ ಹಿಂದಕ್ಕೆ ಒತ್ತಿ, ಮತ್ತೆ ಕ್ಲಿಪ್ ಹಾಕುವುದು. ಮಡ್‌ಫ್ಲಾಪಿನ ಒಳ ಅಂಚು ಸ್ವಲ್ಪ ಕೆತ್ತುವುದು. ಇದರ ಜೊತೆಗೆ ಅಲೈನ್‌ಮೆಂಟ್ ಮಾಡುವವರ ಕೈಯಲ್ಲಿ ಒಂದು ಉಪಾಯವಿದೆ, ಕೇಳದಿದ್ದರೆ ಅವರಾಗಿ ಹೇಳುವುದಿಲ್ಲ. ಮುಂದಿನ ಕೆಳ ಆರ್ಮಿನ ಬುಡದಲ್ಲಿ ತಿರುಗಿಸಿ ಹೊಂದಿಸುವ ಬೋಲ್ಟುಗಳಿರುತ್ತವೆ. ಕಂಪನಿ ಹೇಳಿದ ಮಿತಿಯೊಳಗೇ ಕ್ಯಾಸ್ಟರ್ ಕೋನವನ್ನು ಹೆಚ್ಚಿನ ತುದಿಗೆ ಇಟ್ಟರೆ ಚಕ್ರ ಕೆಲವು ಮಿಲಿಮೀಟರ್ ಮುಂದಕ್ಕೆ ಸರಿಯುತ್ತದೆ, ಬಾಡಿ ಮೌಂಟಿನಿಂದ ದೂರವಾಗುತ್ತದೆ. ಎಡ ಬಲ ಎರಡೂ ಸಮ ಇರಬೇಕು, ಇಲ್ಲದಿದ್ದರೆ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ. ಹೇಗೂ ಹೊಸ ಟೈರಿಗೆ ಅಲೈನ್‌ಮೆಂಟ್ ಮಾಡಿಸಲೇಬೇಕು. ಅದೇ ದುಡ್ಡಿನಲ್ಲಿ ಇದೂ ಆಗುತ್ತದೆ.

ಹದಿನೆಂಟರ ರಿಮ್ ಇರುವವರ ಕಥೆ ಚಿಕ್ಕದು. 265/65 ಆರ್18 ಹಾಕಿದರೆ ವ್ಯಾಸ 802, ಶೇ 3.4ರ ಏರಿಕೆ. ಲ್ಯಾಂಡ್ ಕ್ರೂಸರ್ 300ರಲ್ಲೂ ಇದೇ ಅಳತೆ ಬರುವುದರಿಂದ ಹುಡುಕಿದರೆ ಸಿಗುತ್ತದೆ. 275/65 ಆರ್18 ಎಂದರೆ 815, ಶೇ 5. ಅಲ್ಲಿಂದ ಮುಂದೆ ಸೀಮೆಸುಣ್ಣ ಕಬ್ಬಿಣದ ಹತ್ತಿರ ಹೋಗತೊಡಗುತ್ತದೆ. ಕಲ್ಲುದಾರಿಯೇ ಹೆಚ್ಚು ಎನ್ನುವವರು ಹದಿನೇಳರ ರಿಮ್ಮಿಗೆ ಇಳಿದು 265/70 ಹಾಕಿಸಿಕೊಳ್ಳುವುದು ಜಾಣತನ, 265/65 ಆರ್18ಕ್ಕಿಂತ ಗೋಡೆ ಹದಿಮೂರು ಮಿ.ಮೀ. ಹೆಚ್ಚು ಸಿಗುತ್ತದೆ. ಬ್ರೇಕ್ ಕ್ಯಾಲಿಪರಿಗೂ ರಿಮ್ಮಿನ ಒಳಮೈಗೂ ನಡುವೆ ಬೆರಳು ಆಡುವಷ್ಟು ಜಾಗವಿದೆಯೇ ಎಂದು ಹಾಕಿ ನೋಡಿಯೇ ಕೊಳ್ಳಬೇಕು.

265/70 ಆರ್17ರ ಪರವಾಗಿ ಇನ್ನೊಂದು ಬಲವಾದ ಕಾರಣ ಲಭ್ಯತೆ. ಅಮೆರಿಕದಲ್ಲಿ ಟೊಯೊಟಾದ್ದೇ ಆದ ಐದನೇ ತಲೆಮಾರಿನ 4ರನ್ನರ್‌ಗೆ ಕಂಪನಿ ಕೊಡುತ್ತಿದ್ದ ಅಳತೆ ಇದು. ಹಾಗಾಗಿ ಆಲ್ ಟೆರೇನ್ ಟೈರ್ ಮಾಡುವ ಹೆಸರಾಂತ ಕಂಪನಿಗಳೆಲ್ಲ ಇದನ್ನು ಮಾಡುತ್ತವೆ. ಭಾರತದಲ್ಲಿ 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರ್‌ಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿತು. ಆಮದಿಗೆ ಪರವಾನಗಿ ಬೇಕು, ಟೈರಿನ ಮೇಲೆ ಐಎಸ್‌ಐ ಮುದ್ರೆಯೂ ಬೇಕು. ಅಪರೂಪದ ಅಳತೆಯೊಂದನ್ನು ಆಸೆಪಟ್ಟು ಹಾಕಿಸಿಕೊಂಡು, ಒಂದು ಟೈರಿನ ಗೋಡೆ ಹರಿದಾಗ ಅದರ ಜೋಡಿ ಸಿಗದೆ ತಿಂಗಳುಗಟ್ಟಲೆ ಕಾಯುವ ಪಾಡು ಆಗಿನಿಂದ ಹೆಚ್ಚಾಗಿದೆ. ಅಳತೆ ಗೊತ್ತುಮಾಡುವ ಮೊದಲು ಬೇರೆ ಬೇರೆ ಊರಿನ ಅಂಗಡಿಗಳಿಗೆ ಫೋನ್ ಮಾಡಿ ಸರಕು ಇದೆಯೇ ಎಂದು ಕೇಳುವುದು ಒಳಿತು. ಕೊಳ್ಳುವಾಗ ಪಕ್ಕದ ಗೋಡೆಯ ನಾಲ್ಕು ಅಂಕಿಯ ದಿನಾಂಕವನ್ನೂ ನೋಡಬೇಕು. 2324 ಎಂದಿದ್ದರೆ ಅದು 2024ರ ಇಪ್ಪತ್ತಮೂರನೇ ವಾರ ತಯಾರಾದದ್ದು. ನಿಧಾನಕ್ಕೆ ಖರ್ಚಾಗುವ ದೊಡ್ಡ ಅಳತೆಗಳು ಗೋದಾಮಿನಲ್ಲೇ ವಯಸ್ಸಾಗಿರುತ್ತವೆ.

ಆಲ್ ಟೆರೇನ್ ಎಲ್ಲರಿಗೂ ಬೇಕೇ ಎಂದರೆ, ಬೇಡ. ಆ ಗುಬ್ಬಿಗಳು ಕೆಸರಿನಲ್ಲಿ ಹಿಡಿದಷ್ಟು ಚೆನ್ನಾಗಿ ಮಳೆ ಬಿದ್ದ ಡಾಂಬರಿನ ಮೇಲೆ ಹಿಡಿಯುವುದಿಲ್ಲ; ಅಲ್ಲಿ ಒಳ್ಳೆಯ ರಸ್ತೆ ಟೈರೇ ಬೇಗ ನಿಲ್ಲಿಸುತ್ತದೆ. ಹೆದ್ದಾರಿಯಲ್ಲಿ ಗುಂಯ್ ಎನ್ನುವ ಸದ್ದೂ ಇರುತ್ತದೆ. ಮಣ್ಣುದಾರಿ ಕಾಣದ ಗಾಡಿಗೆ ಅದೇ 265/70ರ ರಸ್ತೆ ಟೈರ್ ಸಿಕ್ಕರೆ ಸಾಕು.

ಕಾನೂನಿನ ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಕಂಪನಿ ನಮೂದಿಸಿದ ವಿವರಗಳಿಗೂ ಆರ್‌ಸಿಯ ವಿವರಗಳಿಗೂ ವ್ಯತ್ಯಾಸ ಬರುವಂಥ ಮಾರ್ಪಾಡನ್ನು ನಿಷೇಧಿಸುತ್ತದೆ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಟೈರ್ ಮಡ್‌ಗಾರ್ಡಿನಿಂದ ಆಚೆ ಇಣುಕಿದರೆ ಕಣ್ಣಿಗೆ ಬೀಳುವುದು ಖಂಡಿತ. 265/70 ಮೂಲ ರಿಮ್ಮಿನ ಮೇಲೆ ಒಳಗೇ ಕೂರುವುದರಿಂದ ಅದು ಯಾರ ಕಣ್ಣನ್ನೂ ಕುಕ್ಕುವುದಿಲ್ಲ. ಆದರೂ ಕಂಪನಿಯ ಪಟ್ಟಿಯಲ್ಲಿ ಇಲ್ಲದ ಅಳತೆ ಅದು ಎಂಬುದು ಮಾಲೀಕರಿಗೆ ತಿಳಿದಿರಬೇಕು. ವಾರಂಟಿ ಇನ್ನೂ ಇದ್ದರೆ ಸರ್ವೀಸ್ ಸೆಂಟರಿನವರನ್ನೂ, ವಿಮೆಯವರನ್ನೂ ಮೊದಲೇ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳುವುದು ಕ್ಷೇಮ.

ಇಷ್ಟೆಲ್ಲ ಆದ ಮೇಲೆ ಬಹಳ ಜನ ದುಡ್ಡು ಉಳಿಸುವುದು ಸ್ಟೆಪ್ನಿಯಲ್ಲಿ. ನಾಲ್ಕು ಹೊಸದು, ಐದನೆಯದು ಹಳೆಯದೇ ಇರಲಿ ಎನ್ನುತ್ತಾರೆ. ಈಗಿನ ಫಾರ್ಚುನರ್‌ನ ಫೋರ್ ವೀಲ್ ಡ್ರೈವಿನಲ್ಲಿ ಮುಂದಿನ ಹಿಂದಿನ ಆಕ್ಸಲ್ ನಡುವೆ ವ್ಯತ್ಯಾಸ ಸರಿದೂಗಿಸುವ ಡಿಫರೆನ್ಷಿಯಲ್ ಇಲ್ಲ. 4ಎಚ್ ಹಾಕಿದಾಗ ಎರಡೂ ಒಂದೇ ವೇಗದಲ್ಲಿ ತಿರುಗಲೇಬೇಕು. ಒಂದು ಚಕ್ರ ಶೇ 3ರಷ್ಟು ಸಣ್ಣದಿದ್ದರೆ ಆ ತಿಕ್ಕಾಟವನ್ನೆಲ್ಲ ಟ್ರಾನ್ಸ್‌ಫರ್ ಕೇಸ್ ನುಂಗಬೇಕು. 2ಎಚ್‌ನಲ್ಲೂ ಸಣ್ಣ ಸ್ಟೆಪ್ನಿಯನ್ನು ಹಿಂದೆ ಹಾಕಿದರೆ ಹಿಂದಿನ ಡಿಫರೆನ್ಷಿಯಲ್ಲಿನ ಪುಟ್ಟ ಗೇರುಗಳು ನೇರ ರಸ್ತೆಯಲ್ಲೂ ಬಿಡುವಿಲ್ಲದೆ ತಿರುಗುತ್ತಿರುತ್ತವೆ. ಐದನೆಯದನ್ನು ಕೊಳ್ಳದವರಿಗೆ ಹಿಂದಿನ ಚಕ್ರ ಪಂಕ್ಚರ್ ಆದರೆ ಕೆಲಸ ಎರಡು ಪಟ್ಟು: ಮುಂದಿನದೊಂದನ್ನು ಬಿಚ್ಚಿ ಹಿಂದಕ್ಕೆ ಹಾಕಿ, ಸ್ಟೆಪ್ನಿಯನ್ನು ಮುಂದೆ ಹಾಕಿಕೊಂಡು, 4ಎಚ್ ಮುಟ್ಟದೆ ಹತ್ತಿರದ ಪಂಕ್ಚರ್ ಅಂಗಡಿಯ ತನಕ ನಿಧಾನ ಹೋಗಬೇಕು. ಐದನೆಯದನ್ನು ಕೊಂಡವರು ಅದು ಗಾಡಿಯ ಹೊಟ್ಟೆಯ ಕೆಳಗೆ ಸರಪಳಿಯಲ್ಲಿ ಬಿಗಿಯಾಗಿ ಮೇಲೇರಿ ಕೂರುತ್ತದೆಯೇ, ಎಕ್ಸಾಸ್ಟ್ ಪೈಪಿಗೆ ತಾಗುತ್ತದೆಯೇ ಎಂದು ಅಂಗಡಿಯಲ್ಲೇ ಬಗ್ಗಿ ನೋಡಿ, ಅದಕ್ಕೂ ಗಾಳಿ ಹೊಡೆಸಿಕೊಂಡು ಹೊರಡಬೇಕು.